ಮರಿಸ್ವಾಮಿಯೂ ಸರಪಳಿ ಪುಸ್ತಕಗಳೂ

ತಾಯಿ ಬಿ.ಎ. ಓದಿದವರು. ಮಗ ತಾಯಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಇಷ್ಟು ಕೇಳಿದರೆ ಎಂಥ ಪುಣ್ಯವಂತೆ ಅನ್ನಿಸುತ್ತದೆ ಅಲ್ಲವೆ? ಅವಸರ ಮಾಡಬೇಡಿ. ಪೂರ್ತಿ ಕೇಳಿ, ಆಮೇಲೆ ಹೇಳಿ.

ತಾಯಿಯ ಹೆಸರು ಸರ್ವಮಂಗಳಮ್ಮ, ಊರು ಕೊಳ್ಳೇಗಾಲ. ಅವರ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವರೇ. ಮೈಸೂರಿನಲ್ಲಿದ್ದು ಚರಿತ್ರೆ ಓದಿ ಡಿಗ್ರಿ ತಂದರು. ಎಲ್ಲಿಗೆ ಹೋದರೂ ಕೈಯಲ್ಲಿ ಒಂದು ನೋಟ್‌ಬುಕ್. ಕಂಡದ್ದು, ಕೇಳಿದ್ದು, ತಾರೀಕು, ಗಂಟೆ, ಎಲ್ಲ ಅದರಲ್ಲಿ. ಮಗ ಮರಿಸ್ವಾಮಿ. ಮೂವತ್ತೆರಡು ವರ್ಷ, ಆರಡಿ ಆಳು, ಎತ್ತಿನಂಥ ಮೈ, ಹಸುವಿನಂಥ ಗುಣ. ತಲೆ ಮಾತ್ರ, ಹೋಗಲಿ ಬಿಡಿ, ತಲೆಯ ವಿಷಯ ತಾಯಿಯ ಮುಂದೆ ಎತ್ತಬಾರದು.

ಹಿಂದೆ ಒಂದು ಸಲ ಮನೆಯಲ್ಲಿ ಮದುವೆ. ಲಗ್ನಪತ್ರಿಕೆ ಹಂಚಲು ಮರಿಸ್ವಾಮಿಯನ್ನು ಕಳಿಸಿದರು. ಪತ್ರಿಕೆಯನ್ನು ಮನೆಯ ಯಜಮಾನರ ಕೈಗೇ ಕೊಡಬೇಕು, ಕಂಡವರ ಕೈಯಲ್ಲಿ ತುರುಕಿ ಬರಬಾರದು ಎಂದು ತಾಯಿ ಹೇಳಿದರು. ಮರಿಸ್ವಾಮಿ ಹೂಂ ಅಮ್ಮ ಎಂದ. ಮೊದಲನೇ ಮನೆಯ ಯಜಮಾನರು ಕಾಶಿಗೆ ಹೋಗಿದ್ದರು. ಮರಿಸ್ವಾಮಿ ಅವರ ಜಗಲಿಯ ಮೇಲೆ ಕೂತ. ಒಂಬತ್ತು ದಿನ ಕೂತ. ಕಾಶಿಯಿಂದ ಬಂದವರ ಕೈಗೇ ಪತ್ರಿಕೆ ಕೊಟ್ಟು ಮನೆಗೆ ಬಂದರೆ, ಇಲ್ಲಿ ಚಪ್ಪರ ಬಿಚ್ಚುತ್ತಿದ್ದರು.

ಇಂಥ ಮಗನನ್ನು ಕಟ್ಟಿಕೊಂಡು ಸರ್ವಮಂಗಳಮ್ಮ ಇಂಗ್ಲೆಂಡಿಗೆ ಹೊರಟರು. ಯಾಕೆ ಎಂದರೆ ಅದಕ್ಕೊಂದು ಹಳೇ ಕಾರಣ ಇತ್ತು.

ಇಂಗ್ಲೆಂಡಿನಲ್ಲಿ ಒಂದು ಪುರಾತನ ಪಟ್ಟಣ. ಸುತ್ತ ಕೋಟೆಗೋಡೆ, ನಡುವೆ ಬೆಟ್ಟದಂಥ ಚರ್ಚು, ಕೈ ಚಾಚಿದರೆ ಎರಡೂ ಗೋಡೆ ಸಿಕ್ಕುವ ಓಣಿಗಳು. ಊರಿನ ಹೆಸರು ಹೇಳುವುದಿಲ್ಲ. ಮುಂದಿನದನ್ನು ಕೇಳಿದರೆ ಯಾಕೆ ಎಂದು ನಿಮಗೇ ಗೊತ್ತಾಗುತ್ತದೆ. ಆ ಚರ್ಚಿನಲ್ಲಿ ಸುತ್ತುಮೆಟ್ಟಿಲು ಹತ್ತಿ ಮೇಲಕ್ಕೆ ಹೋದರೆ ಒಂದು ಕೋಣೆ. ಕೋಣೆ ತುಂಬ ಹಳೇ ಪುಸ್ತಕ, ಒಂದೊಂದು ಪುಸ್ತಕಕ್ಕೂ ಒಂದೊಂದು ಕಬ್ಬಿಣದ ಸರಪಳಿ. ಅಲ್ಲೇ ನಿಂತು ಓದಬೇಕು, ಮನೆಗೆ ಒಯ್ಯುವ ಹಾಗಿಲ್ಲ. ಪುಸ್ತಕ ಎರವಲು ಕೊಟ್ಟು ಕಳೆದುಕೊಂಡವರಿಗೆ ಆ ಸರಪಳಿಯ ಬೆಲೆ ಗೊತ್ತು. ಸರ್ವಮಂಗಳಮ್ಮನವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಕಾಲೇಜಿನ ಕೊನೆಯ ವರ್ಷ ಅವರು ಈ ಕೋಣೆಯ ಮೇಲೆ ನಾಲ್ಕು ಪುಟ ಬರೆದಿದ್ದರು. ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ಓದಿ, ಕಣ್ಣಾರೆ ಕಂಡ ಹಾಗೆ ಬರೆದಿದ್ದೀಯಲ್ಲಮ್ಮ, ಯಾವಾಗ ಹೋಗಿ ಬಂದೆ ಎಂದು ಕೇಳಿದರು. ಹುಡುಗರೆಲ್ಲ ನಕ್ಕರು. ಸರ್ವಮಂಗಳಮ್ಮ ಎದ್ದು ನಿಂತು, ನೋಡಿ ಬಂದು ಹೇಳುತ್ತೇನೆ ಸರ್ ಎಂದರು. ಹೇಳಿ ನಲವತ್ತೈದು ವರ್ಷ ಆಯಿತು. ಮೇಷ್ಟ್ರು ಹೋದರು, ನಕ್ಕ ಹುಡುಗರು ಅಜ್ಜಂದಿರಾದರು, ಆ ಮಾತು ಮಾತ್ರ ಸಾಲದ ಹಾಗೆ ತಲೆಯ ಮೇಲೇ ಉಳಿದಿತ್ತು.

ಅಣ್ಣನ ಮಗಳು ಕಾತ್ಯಾಯಿನಿ ಅದೇ ಪಟ್ಟಣದಲ್ಲಿ ಹಲ್ಲಿನ ಡಾಕ್ಟರು. ಐದು ದಿನಕ್ಕಾದರೂ ಬನ್ನಿ ಅತ್ತೆ ಎಂದು ಕರೆದಳು. ಸರ್ವಮಂಗಳಮ್ಮನವರ ಯಜಮಾನರಿಗೆ ವಿಮಾನ ಎಂದರೆ ಆಗದು. ಮಗನನ್ನು ಅವರ ಹತ್ತಿರ ಬಿಟ್ಟು ಹೋಗೋಣ ಎಂದರೆ ಅವರು ಎರಡೂ ಕೈ ಮುಗಿದು, ಬೇಕಾದರೆ ನಾನೇ ವಿಮಾನ ಹತ್ತುತ್ತೇನೆ, ಅವನನ್ನು ಮಾತ್ರ ಇಲ್ಲಿ ಬಿಡಬೇಡ ಎಂದರು.

ಭಾನುವಾರ ಹೋಗಿ ಇಳಿದರು. ಕಾತ್ಯಾಯಿನಿ ಎಲ್ಲ ವಿಚಾರಿಸಿ ಇಟ್ಟಿದ್ದಳು. ಆ ಕೋಣೆಯ ಬಾಗಿಲು ತೆಗೆಯುವುದು ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ಅದೂ ಹನ್ನೆರಡೇ ಜನಕ್ಕೆ. ಆಮೇಲೆ ರಿಪೇರಿಗೆ ಎಂದು ಎರಡು ವರ್ಷ ಬಂದ್. ಇವರ ವಿಮಾನ ಶುಕ್ರವಾರ. ಬೀಗದ ಕೈ ಇರುವುದು ಪೆಂಬರ್ಟನ್ ಎನ್ನುವವರ ಹತ್ತಿರ. ನಮ್ಮ ದೇವಸ್ಥಾನಕ್ಕೆ ಪಾರುಪತ್ಯಗಾರರು ಇದ್ದ ಹಾಗೆ ಆ ಚರ್ಚಿಗೆ ಅವರು. ಅವರ ಮನಸ್ಸು ಕೆಡದ ಹಾಗೆ ನೋಡಿಕೊಳ್ಳಿ ಅತ್ತೆ ಎಂದು ಹೇಳಿ ಕಾತ್ಯಾಯಿನಿ ಕೆಲಸಕ್ಕೆ ಹೋದಳು.

ಸೋಮವಾರ ಬೆಳಿಗ್ಗೆ ತಾಯಿ, ಮಗ ಚರ್ಚು ನೋಡಲು ಹೊರಟರು. ದಾರಿಯಲ್ಲಿ ತಾಯಿ ಬುದ್ಧಿ ಹೇಳಿದರು.

"ನೋಡು ಮರಿ, ಬೇರೆ ದೇಶ ಅಂತ ಹೆದರಬೇಡ. ದೇವರು ಎಲ್ಲಿದ್ದರೂ ದೇವರೇ. ನಮ್ಮೂರ ದೇವಸ್ಥಾನದಲ್ಲಿ ಹೇಗೆ ನಡ್ಕೋತೀಯೋ ಇಲ್ಲೂ ಹಾಗೇ ನಡ್ಕೋ."

"ಹೂಂ ಅಮ್ಮ."

ಬಾಗಿಲ ಕಮಾನಿನ ಮೇಲೆ ಯಾವುದೋ ಇಸವಿ ಕೆತ್ತಿತ್ತು. ಸರ್ವಮಂಗಳಮ್ಮ ಕನ್ನಡಕ ಏರಿಸಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತ ನಿಂತರು. ಮರಿಸ್ವಾಮಿ ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಎರಡನ್ನೂ ಬಾಗಿಲ ಪಕ್ಕ ಜೋಡಿಸಿಟ್ಟು ಬರಿಗಾಲಲ್ಲಿ ಒಳಗೆ ಹೋದ. ದೇವಸ್ಥಾನಕ್ಕೆ ಕಾಲಿಟ್ಟರೆ ಮೊದಲು ಗಂಟೆ ಬಾರಿಸಬೇಕಲ್ಲ? ತಲೆಯೆತ್ತಿ ನೋಡಿದ, ಗಂಟೆ ಕಾಣಲಿಲ್ಲ. ಗೋಪುರದ ಕೆಳಗೆ ಒಂದು ದಪ್ಪ ಹಗ್ಗ ಜೋತುಬಿದ್ದಿತ್ತು. ಕೆಳಗೆ ಹಗ್ಗ ಇದ್ದರೆ ಮೇಲೆ ಗಂಟೆ ಇರಲೇಬೇಕು. ಅಷ್ಟು ತಿಳಿಯದಷ್ಟು ಪೆದ್ದನಲ್ಲ ಮರಿಸ್ವಾಮಿ. ಮೈಯ ಬಲವನ್ನೆಲ್ಲ ಹಾಕಿ ಎಳೆದ.

ಢಣ್ ಎಂದಿತು. ದಿನಕ್ಕೆ ಒಂದೇ ಸಲ, ನಡು ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರ ಬಾರಿಸುವ ಗಂಟೆ ಅದು. ಆಗ ಹತ್ತೂಕಾಲು. ಗೋಪುರದ ಪಾರಿವಾಳಗಳೆಲ್ಲ ಎದ್ದವು. ಪಕ್ಕದ ಶಾಲೆಯ ಮಕ್ಕಳು ಊಟದ ಡಬ್ಬಿ ಹಿಡಿದು ಹೊರಗೆ ಓಡಿದರು. ಹೋಟೆಲಿನವನು ಮೇಜಿನ ಮೇಲೆ ತಟ್ಟೆ ಇಟ್ಟ. ಕೆಳಗೆ ಬಂದ ಹಗ್ಗ ಮೇಲಕ್ಕೆ ಹೋಯಿತು, ಹಗ್ಗದ ಜೊತೆ ಮರಿಸ್ವಾಮಿಯೂ ಹೋದ. ಇಳಿಯುವಾಗ ಎರಡನೇ ಢಣ್. ಊರಿನ ದೇವಸ್ಥಾನದಲ್ಲಿ ಮೂರು ಸಲ ಬಾರಿಸುವುದು ಅವನ ಪದ್ಧತಿ. ಮೂರನೆಯದನ್ನೂ ಬಾರಿಸಿ, ಕೈ ಮುಗಿದು, ಕಣ್ಣು ಮುಚ್ಚಿ ನಿಂತ.

ಪೆಂಬರ್ಟನ್ ಓಡಿ ಬಂದರು. ಕರಿಯ ನಿಲುವಂಗಿ, ಕೈಯಲ್ಲಿ ಬೆಳ್ಳಿಯ ಕೋಲು, ಸೊಂಟದಲ್ಲಿ ತೆಂಗಿನಕಾಯಿ ಗಾತ್ರದ ಬೀಗದ ಕೈ ಗೊಂಚಲು. ಬರಿಗಾಲಲ್ಲಿ ನಿಂತ ಆರಡಿ ಆಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಬಹಳ ಅಪರೂಪ" ಎಂದರು, ಅಷ್ಟೆ. ಸರ್ವಮಂಗಳಮ್ಮ ತಮ್ಮ ಬಿ.ಎ. ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಕ್ಷಮೆ ಕೇಳಿದರು. ಅಂಥ ಇಂಗ್ಲಿಷನ್ನು ಪೆಂಬರ್ಟನ್ ತಮ್ಮ ಅಜ್ಜನ ಬಾಯಲ್ಲಿ ಮಾತ್ರ ಕೇಳಿದ್ದರಂತೆ. ಸಂಜೆ ಪ್ರಾರ್ಥನೆಗೆ ಬನ್ನಿ, ಹಾಡುವವರ ಮೇಳ ಚೆನ್ನಾಗಿರುತ್ತದೆ ಎಂದು ಕರೆದೇ ಬಿಟ್ಟರು. ಹೊರಗೆ ಬಂದರೆ ಮರಿಸ್ವಾಮಿಯ ಬೂಟಿನ ಸುತ್ತ ನಾಲ್ಕು ಜನ ಪ್ರವಾಸಿಗಳು ನಿಂತು ಫೋಟೋ ತೆಗೆಯುತ್ತಿದ್ದರು. ಅದೂ ಒಂದು ನೋಡುವ ವಸ್ತು ಎಂದುಕೊಂಡಿದ್ದರು.

ತಾಯಿ ಹಣೆ ಚಚ್ಚಿಕೊಂಡರು. ಕಂಡ ಹಗ್ಗವನ್ನೆಲ್ಲ ಎಳೆಯಲು ಇದೇನು ಬಾವಿಯೇ ಎಂದು ಬೈದರು. ಬೈದು ಮುಗಿಸಿ, "ನಿನ್ನ ಬುದ್ಧಿ ಓಡಿಸಬೇಡ ಕಣೋ. ಗುಂಪಿನಲ್ಲಿ ಗೋವಿಂದ ಅಂದುಬಿಡು. ಮುಂದೆ ಇರೋರು ಏನು ಮಾಡ್ತಾರೋ ಅದನ್ನೇ ಮಾಡು" ಎಂದರು.

"ಹೂಂ ಅಮ್ಮ."

ಸಂಜೆ ಹೋದರು. ತಾಯಿ ಒಂದು ಬೆಂಚಿನ ಮೇಲೆ ಕೂತು ಹಿಂದೆ ತಿರುಗಿ ನೋಡಿದರೆ ಮಗ ಇಲ್ಲ. ಅಷ್ಟರಲ್ಲಿ ಹಾಡುವವರ ಮೆರವಣಿಗೆ ಬಂತು. ಬಿಳಿ ನಿಲುವಂಗಿ ತೊಟ್ಟ ಇಪ್ಪತ್ತು ಜನ, ಇಬ್ಬಿಬ್ಬರ ಸಾಲು, ಮೆಲ್ಲಗೆ ಹೆಜ್ಜೆ ಹಾಕುತ್ತ ಬಂದರು. ಕೊನೆಯವನ ಹಿಂದೆ ಮರಿಸ್ವಾಮಿ. ಮುಂದಿರುವವರು ಮೆಲ್ಲಗೆ ನಡೆದರು, ಅವನೂ ನಡೆದ. ಅವರು ತಲೆ ಬಾಗಿಸಿದರು, ಅವನೂ ಬಾಗಿಸಿದ. ಅವರು ಕೆತ್ತನೆಯ ಆಸನಗಳಲ್ಲಿ ಕೂತರು. ಒಂದು ಆಸನ ಖಾಲಿ ಇತ್ತು, ಇವನು ಕೂತ. ಆ ಆಸನ ದೊಡ್ಡ ಪಾದ್ರಿಗಳದ್ದು. ದೊಡ್ಡ ಪಾದ್ರಿಗಳು ಬಂದು ಪಕ್ಕದಲ್ಲಿ ನಿಂತರು. ಎಲ್ಲರೂ ಬಾಯಿ ತೆರೆದರು, ಮರಿಸ್ವಾಮಿಯೂ ತೆರೆದ. ಅವರಿಗೆ ಹಾಡು ಗೊತ್ತಿತ್ತು. ಇವನಿಗೆ ಗೊತ್ತಿದ್ದದ್ದು ಒಂದೇ ಮಂಗಳಾರತಿ ಪದ. ಗಂಟಲು ದೊಡ್ಡದು, ಚರ್ಚಿನ ಚಾವಣಿ ಇನ್ನೂ ದೊಡ್ಡದು. ಎರಡು ನಿಮಿಷದಲ್ಲಿ ಮೇಳದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಮುಂದಿರುವವರು ನಿಲ್ಲಿಸಿದ್ದನ್ನು ಕಂಡು ಮರಿಸ್ವಾಮಿಯೂ ನಿಲ್ಲಿಸಿದ.

ಪೆಂಬರ್ಟನ್ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಬಹಳ ಬಹಳ ಅಪರೂಪ ಎಂದರು. ಇಷ್ಟಾದರೂ ಬೇಸರಪಡಲಿಲ್ಲವಲ್ಲ ಎಂದು ಸರ್ವಮಂಗಳಮ್ಮ ಮನೆಗೆ ಬಂದು ಹೇಳಿದರೆ, ಕಾತ್ಯಾಯಿನಿ ತಲೆ ಹಿಡಿದುಕೊಂಡಳು.

"ಅಯ್ಯೋ ಅತ್ತೆ, ಇಲ್ಲಿಯವರು ಅಪರೂಪ ಅಂದರೆ ಅದೇ ಬೈಗುಳ. ಬಹಳ ಬಹಳ ಅಪರೂಪ ಅಂದರೆ ನಮ್ಮೂರಲ್ಲಿ ಪೊರಕೆ ತಗೊಂಡ ಹಾಗೆ."

ಸರ್ವಮಂಗಳಮ್ಮ ಬೆರಳು ಮಡಿಸಿ ಎಣಿಸಿದರು. ಗುರುವಾರ ಇನ್ನು ಮೂರೇ ದಿನ. ಮಗನನ್ನು ಎದುರಿಗೆ ಕೂರಿಸಿಕೊಂಡರು. ದೇವರ ಜಾಗದಲ್ಲಿ ಹೀಗೆ ನಡುಮನೆಗೆ ನುಗ್ಗಬಾರದು, ಹೊರಗಿನಿಂದಲೇ ಮೂರು ಸುತ್ತು ಪ್ರದಕ್ಷಿಣೆ ಹಾಕಬೇಕು, ಹಾಕುವಾಗ ಯಾರ ಜೊತೆಯೂ ಮಾತಾಡಬಾರದು, ಕೈ ಮುಗಿದು ಬಂದುಬಿಡಬೇಕು ಎಂದು ತಿಳಿಯ ಹೇಳಿದರು. ಮರಿಸ್ವಾಮಿ ಹೂಂ ಅಮ್ಮ ಎಂದ.

ಮಂಗಳವಾರ ಪೆಂಬರ್ಟನ್ನರಿಗೆ ಏನನ್ನಿಸಿತೋ, ಮಧ್ಯಾಹ್ನ ಎರಡಕ್ಕೆ ಬಂದರೆ ಚರ್ಚಿನ ನೆಲದಡಿಯ ಹಳೇ ಕಂಬಗಳನ್ನು ತೋರಿಸುತ್ತೇನೆ ಎಂದು ಕಾತ್ಯಾಯಿನಿಯ ಫೋನಿಗೆ ಹೇಳಿ ಕಳಿಸಿದರು. ಅಲ್ಲಿಯವರೆಗೆ ಕೋಟೆ ನೋಡೋಣ ಎಂದು ತಾಯಿ, ಮಗ ಗೋಡೆ ಹತ್ತಿದರು. ಆ ಊರಿನ ಕೋಟೆಗೋಡೆಯ ಮೇಲೆಯೇ ನಡೆಯಲು ದಾರಿ ಇದೆ. ಹತ್ತುವ ಬಾಗಿಲಿನಲ್ಲಿ ಒಂದು ಫಲಕ. ತಾಯಿ ಅದನ್ನು ಗಟ್ಟಿಯಾಗಿ ಓದಿದರು: ಈ ಗೋಡೆಯ ಒಳಗಿನ ನೆಲವೆಲ್ಲ ಒಂದು ಕಾಲಕ್ಕೆ ಮಠದ ಸನ್ಯಾಸಿಗಳದ್ದು, ಇದನ್ನು ದೇವರ ಊರು ಎಂದು ಕರೆಯುತ್ತಿದ್ದರು.

ಮರಿಸ್ವಾಮಿ ಕೇಳಿಸಿಕೊಂಡ. ಕೈ ಮುಗಿದ. ನಡೆಯಲು ಶುರು ಮಾಡಿದ.

ಒಂದು ಸುತ್ತು ಅಂದರೆ ಎರಡೂವರೆ ಮೈಲಿ. ಮೊದಲ ಸುತ್ತು ಮುಗಿಸಿ ಬಂದಾಗ ತಾಯಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಮರಿಸ್ವಾಮಿ ಮಾತಾಡಲಿಲ್ಲ, ಕೈ ಮುಗಿದುಕೊಂಡೇ ಮುಂದೆ ಹೋದ. ನಿಲ್ಲೋ ಎಂದು ಕೂಗಿದರು, ನಿಲ್ಲಲಿಲ್ಲ. ಎರಡನೇ ಸುತ್ತಿಗೆ ಬಂದಾಗ ಹಿಂದೆ ಏಳು ಜನ ಪ್ರವಾಸಿಗಳಿದ್ದರು. ಇಷ್ಟು ಶ್ರದ್ಧೆಯಿಂದ ನಡೆಯುವವನು ಏನಾದರೂ ವಿಶೇಷ ತೋರಿಸಿಯೇ ತೋರಿಸುತ್ತಾನೆ ಎಂದು ನಂಬಿಕೊಂಡವರು. ಮೂರನೇ ಸುತ್ತಿಗೆ ಹತ್ತೊಂಬತ್ತು ಜನ. ಅವರೂ ಕೈ ಮುಗಿದಿದ್ದರು. ತಾಯಿ ಚಪಾತಿ ಡಬ್ಬಿ ಹಿಡಿದು ಮೂರೂವರೆವರೆಗೆ ಬುರುಜಿನ ಕೆಳಗೆ ಕೂತರು. ಪೆಂಬರ್ಟನ್ ಎರಡರಿಂದ ಮೂರರವರೆಗೆ ನೆಲಮಾಳಿಗೆಯ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದರಂತೆ. ಆ ದಿನದ ನೋಟ್‌ಬುಕ್ಕಿನಲ್ಲಿ, ಮಂಗಳವಾರ, ಕಂಬಗಳು, ನೋಡಲಿಲ್ಲ, ಎಂದಷ್ಟೇ ಇದೆ.

"ನಾನು ಕೂಗಿದರೂ ನಿಲ್ಲಲ್ಲ ಅಂದರೆ ಏನೋ ಅರ್ಥ? ಇನ್ನು ಮೇಲೆ ನಿಲ್ಲು ಅಂದರೆ ನಿಲ್ಲಬೇಕು. ನಾನೇ ಬಂದು ಕೈ ಹಿಡಿದು ಕರೆಯೋವರೆಗೂ ನಿಂತ ಜಾಗ ಬಿಟ್ಟು ಕದಲಬಾರದು. ತಿಳೀತಾ?"

"ತಿಳೀತು ಅಮ್ಮ."

ಬುಧವಾರ ಒಂದು ಓಣಿ ನೋಡಲು ಹೋದರು. ಯಾವ ನಕ್ಷೆಯಲ್ಲೂ ಇಲ್ಲದ ಓಣಿ, ಎರಡು ಅಂಗಡಿಗಳ ಸಂದಿಯಲ್ಲಿ ಕದ್ದು ಕೂತಿದೆ. ಎದುರಿನಿಂದ ಒಬ್ಬರು ಬಂದರೆ ಇತ್ತಲಿನವರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಆ ತುದಿಯಲ್ಲಿ ಸನ್ಯಾಸಿಗಳು ಔಷಧಿ ಗಿಡ ಬೆಳೆಸುತ್ತಿದ್ದ ಪುಟ್ಟ ತೋಟ. ಅರ್ಧ ದಾರಿಯಲ್ಲಿ ಸರ್ವಮಂಗಳಮ್ಮ, ನಿಲ್ಲು ಮರಿ, ಮುಂದೆ ದಾರಿ ಇದೆಯೋ ನೋಡಿ ಬರುತ್ತೇನೆ ಎಂದು ಹೋದರು. ತೋಟ ಸಿಕ್ಕಿತು. ತುಳಸಿಯ ಜಾತಿಯದೇ ಒಂದು ಗಿಡವೂ ಸಿಕ್ಕಿತು. ಅದರ ಎಲೆ ನೋಟ್‌ಬುಕ್ಕಿನ ನಡುವೆ ಇಟ್ಟು ತಿರುಗಿ ನೋಡಿದರೆ ಓಣಿಯ ತುಂಬ ಜನ.

ಮರಿಸ್ವಾಮಿ ನಿಂತಿದ್ದ. ಎತ್ತಿನಂಥ ಮೈ ಓಣಿಗೆ ಬಿರಡೆ ಹಾಕಿದ ಹಾಗೆ ಕೂತುಬಿಟ್ಟಿತ್ತು. ಅವನ ಮುಂದೆ ತೋಟದ ಕಡೆಯಿಂದ ಬಂದ ಇಪ್ಪತ್ತು ಜನ. ಹಿಂದೆ ಇನ್ನೂ ಇಪ್ಪತ್ತು. ಹಿಂದಿನ ಸಾಲಿನಲ್ಲಿ ಮೊದಲಿಗೆ ಪೆಂಬರ್ಟನ್, ಅವರ ಹಿಂದೆ ಬಿಳಿ ಗೌನು ತೊಟ್ಟ ಒಬ್ಬಳು ಮದುವಣಗಿತ್ತಿ, ಅವಳ ಹಿಂದೆ ಅವಳ ಅಪ್ಪ. ಹತ್ತಿರದ ದಾರಿ ಎಂದು ಈ ಓಣಿಯಲ್ಲಿ ಚರ್ಚಿಗೆ ಹೊರಟಿದ್ದರು. ಚರ್ಚಿನಲ್ಲಿ ಗಂಡು ಕಾಯುತ್ತಿದ್ದ.

ತಾಯಿ ತೋಟದಿಂದಲೇ, ಬಾರೋ ಮರಿ ಎಂದು ಕೂಗಿದರು. ನೀನೇ ಬಂದು ಕೈ ಹಿಡಿದು ಕರೀಬೇಕು ಅಮ್ಮ ಎಂದು ಅವನು ಕೂಗಿದ. ಹೋಗೋಣ ಎಂದರೆ ನಡುವೆ ಇಪ್ಪತ್ತು ಜನ. ಸರ್ವಮಂಗಳಮ್ಮ ಇಂಗ್ಲಿಷಿನಲ್ಲಿ ವಿಷಯ ವಿವರಿಸಿದರು. ಅಲ್ಲಿಯ ಜನ ಒಳ್ಳೆಯವರು. ತಾಯಿಯ ಕೈಯನ್ನು ಮೊದಲನೆಯವನು ಹಿಡಿದ, ಅವನ ಕೈಯನ್ನು ಎರಡನೆಯವಳು, ಹೀಗೆ ಕೈಯಿಂದ ಕೈಗೆ ಸಾಗಿ ಇಪ್ಪತ್ತನೆಯ ಮುದುಕ ಮರಿಸ್ವಾಮಿಯ ಕೈ ಹಿಡಿದ. ಮರಿಸ್ವಾಮಿ ಆ ಕೈಯನ್ನು ತಿರುಗಿಸಿ ನೋಡಿದ.

"ಇದು ನಮ್ಮಮ್ಮನ ಕೈ ಅಲ್ಲ."

ಕೊನೆಗೆ ತೋಟದ ಕಡೆಯ ಇಪ್ಪತ್ತು ಜನರೂ ರೈಲು ಹಿಂದಕ್ಕೆ ಬಿಟ್ಟ ಹಾಗೆ ಒಬ್ಬೊಬ್ಬರಾಗಿ ಹಿಂದಕ್ಕೆ ನಡೆದು ಹೊರಗೆ ಬಂದರು. ತಾಯಿ ಒಳಗೆ ಹೋಗಿ ಕೈ ಹಿಡಿದರು. ಮರಿಸ್ವಾಮಿ ಕದಲಿದ. ಮದುಮಗಳು ಗೌನು ಎತ್ತಿಕೊಂಡು ಓಡಿದಳು. ಪೆಂಬರ್ಟನ್ ಏನೋ ಹೇಳಲು ಬಾಯಿ ತೆರೆದರು. ಅಪರೂಪ ಎನ್ನುವ ಮಾತೂ ಹೊರಡಲಿಲ್ಲ. ಅದನ್ನು ಕಂಡು ಸರ್ವಮಂಗಳಮ್ಮನಿಗೆ ಇನ್ನೂ ಭಯವಾಯಿತು.

ಆ ಸಂಜೆ ಅವರು ಬೈಯಲೂ ಇಲ್ಲ. ಹಿಂದಿನಿಂದ ಬರುವವರಿಗೆ ದಾರಿ ಬಿಡಬೇಕು, ಪಕ್ಕಕ್ಕೆ ಸರಿದು, ನೀವು ಮುಂದೆ ಹೋಗಿ ಎನ್ನಬೇಕು, ಅದೇ ಮರ್ಯಾದೆ ಎಂದು ಹೇಳಿ, ಆ ಮೂರು ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದರು. ಮರಿಸ್ವಾಮಿ ಮಲಗುವವರೆಗೆ ಹೇಳಿಕೊಂಡ.

ಗುರುವಾರ ಬಂತು. ಎರಡು ಗಂಟೆಗೆ ತೆಗೆಯುವ ಬಾಗಿಲಿಗೆ ಸರ್ವಮಂಗಳಮ್ಮ ಹನ್ನೊಂದಕ್ಕೇ ಹೋಗಿ ಸುತ್ತುಮೆಟ್ಟಿಲ ಬುಡದಲ್ಲಿ ನಿಂತರು. ಒಂದನೆಯವರು ಅವರು, ಎರಡನೆಯವನು ಮರಿಸ್ವಾಮಿ. ಹನ್ನೆರಡರ ಹೊತ್ತಿಗೆ ಅವರ ಮಂಡಿ ಹಿಡಿದುಕೊಂಡಿತು. ನನ್ನ ಜಾಗಕ್ಕೂ ನೀನೇ ನಿಂತಿರು ಮರಿ ಎಂದು ಹೇಳಿ ಕಂಬದ ಆಚೆಯ ಕಲ್ಲುಬೆಂಚಿನ ಮೇಲೆ ಕೂತರು. ಹಿಂದಿನ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಒರಗಿದ್ದೇ ತಡ, ಜೊಂಪು ಹತ್ತಿತು.

ಒಬ್ಬ ಹೆಂಗಸು ಬಂದು ಮರಿಸ್ವಾಮಿಯ ಹಿಂದೆ ನಿಂತಳು. ಮರಿಸ್ವಾಮಿ ಪಕ್ಕಕ್ಕೆ ಸರಿದು, ನೀವು ಮುಂದೆ ಹೋಗಿ ಎಂದ. ಅವಳು ಸಂತೋಷಪಟ್ಟು ಹೋದಳು. ಗಂಡ ಹೆಂಡತಿ ಬಂದರು. ನೀವು ಮುಂದೆ ಹೋಗಿ. ಒಬ್ಬ ಗಡ್ಡದವನು ಬಂದ. ನೀವು ಮುಂದೆ ಹೋಗಿ. ಎಲ್ಲರೂ ಎಂಥ ಮರ್ಯಾದಸ್ಥ ಎಂದು ಹೊಗಳಿದರು. ಹೊಗಳಿದಷ್ಟೂ ಮರಿಸ್ವಾಮಿ ಸರಿದ.

ಗಡಿಯಾರ ಎರಡು ಹೊಡೆದದ್ದಕ್ಕೆ ಸರ್ವಮಂಗಳಮ್ಮ ಎಚ್ಚೆತ್ತು ಓಡಿ ಬಂದರು. ಪೆಂಬರ್ಟನ್ ಹನ್ನೆರಡು ಎಣಿಸಿ, ಹನ್ನೆರಡನೆಯವನ ಹಿಂದೆ ಹಗ್ಗ ಕಟ್ಟುತ್ತಿದ್ದರು. ಹಗ್ಗದ ಈಚೆ ಮರಿಸ್ವಾಮಿ ನಗುತ್ತ ನಿಂತಿದ್ದ.

ಸರ್ವಮಂಗಳಮ್ಮ ಮೆಟ್ಟಿಲ ಬುಡದಲ್ಲೇ ಕುಸಿದು ಕೂತರು. ಮೇಲೆ ಹನ್ನೆರಡು ಜನರ ಹೆಜ್ಜೆ ಸದ್ದು ಕೇಳಿಸಿತು, ಬಾಗಿಲು ಕಿರ್ರೆಂದದ್ದು ಕೇಳಿಸಿತು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮರಿಸ್ವಾಮಿ ತಾಯಿ ಅತ್ತದ್ದನ್ನು ಕಂಡವನೇ ಅಲ್ಲ. ಪಕ್ಕದಲ್ಲಿ ಕೂತು, ನಾನೇನು ಮಾಡಬೇಕಿತ್ತು ಅಮ್ಮ ಎಂದು ಕೇಳಿದ.

"ಕೈಗೆ ಬಂದದ್ದನ್ನ ಬಿಡಬಾರದು ಕಣೋ ಮರಿ. ಒಂದು ಸಲ ಕೈಗೆ ಬಂತು ಅಂದರೆ ಗಟ್ಟಿಯಾಗಿ ಹಿಡ್ಕೋಬೇಕು. ಯಾರು ಕೇಳಿದರೂ ಕೊಡಬಾರದು."

"ಹೂಂ ಅಮ್ಮ" ಎಂದ. ಈ ಸಲ ಮನಸ್ಸಿಟ್ಟು ಹೇಳಿದ.

ಮುಕ್ಕಾಲು ಗಂಟೆಯಾದ ಮೇಲೆ ಹನ್ನೆರಡು ಜನ ಇಳಿದು ಬಂದರು. ಬರುವಾಗ, ತನ್ನ ಜಾಗ ಬಿಟ್ಟುಕೊಟ್ಟ ಆ ದೊಡ್ಡ ಮನುಷ್ಯನ ವಿಷಯ ಪೆಂಬರ್ಟನ್ನರಿಗೆ ಹೇಳಿದರು. ಅವರು ಬಂದು ನೋಡಿದರೆ ತಾಯಿ, ಮಗ ಇನ್ನೂ ಅಲ್ಲೇ ಕೂತಿದ್ದಾರೆ. ಏನಮ್ಮ ಎಂದು ಕೇಳಿದರು. ಸರ್ವಮಂಗಳಮ್ಮ ಎದ್ದು ನಿಂತರು. ಆ ನಾಲ್ಕು ಪುಟದ ವಿಷಯ, ಮೇಷ್ಟ್ರು ಕೇಳಿದ್ದು, ಹುಡುಗರು ನಕ್ಕಿದ್ದು, ತಾವು ಮಾತು ಕೊಟ್ಟದ್ದು, ನಲವತ್ತೈದು ವರ್ಷ, ಎಲ್ಲವನ್ನೂ ಹೇಳಿದರು. ಪೆಂಬರ್ಟನ್ ಗಡಿಯಾರ ನೋಡಿದರು, ಮರಿಸ್ವಾಮಿಯನ್ನು ನೋಡಿದರು, ನಿಟ್ಟುಸಿರು ಬಿಟ್ಟರು. ಹತ್ತು ನಿಮಿಷ ಮಾತ್ರ, ಬನ್ನಿ ಎಂದರು.

ಐವತ್ತೆರಡು ಮೆಟ್ಟಿಲು. ಮಂಡಿನೋವಿನ ಹೆಂಗಸನ್ನು ಹತ್ತಿಸಬೇಕಾದರೆ ಎರಡೂ ಕೈ ಬೇಕು. ಪೆಂಬರ್ಟನ್ ಮೆಟ್ಟಿಲಲ್ಲಿ ಅಡ್ಡ ಬರುತ್ತಿದ್ದ ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ, ಸ್ವಲ್ಪ ಹಿಡಿದುಕೊಳ್ಳಿ ಎಂದು ಮರಿಸ್ವಾಮಿಯ ಕೈಗೆ ಕೊಟ್ಟರು.

ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು. ಸರ್ವಮಂಗಳಮ್ಮನನ್ನು ಒಳಗೆ ಬಿಟ್ಟು, ಕೂರಲು ಒಂದು ಕುರ್ಚಿ ತರುತ್ತೇನೆ ಎಂದು ಪೆಂಬರ್ಟನ್ ಹೊರಗೆ ಬಂದರು. ಅವರ ಕಾಲು ತಾಗಿ ಒತ್ತುಕೊಟ್ಟಿದ್ದ ಮರದ ತುಂಡು ಸರಿದು, ನಾಲ್ಕು ಬೆರಳು ದಪ್ಪದ ಓಕ್ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು. ಒಳಗಿನಿಂದಲಾಗಲಿ ಹೊರಗಿನಿಂದಲಾಗಲಿ ಬೀಗದ ಕೈ ಇಲ್ಲದೆ ತೆಗೆಯಲಾಗದ ಬಾಗಿಲು ಅದು. ಪೆಂಬರ್ಟನ್ ಕುರ್ಚಿ ಹೊತ್ತು ಬಂದು, ಮರಿಸ್ವಾಮಿಯ ಮುಂದೆ ಕೈ ಚಾಚಿದರು.

ಮರಿಸ್ವಾಮಿ ಕೊಡಲಿಲ್ಲ.

ನಯವಾಗಿ ಕೇಳಿದರು. ಜೋರಾಗಿ ಕೇಳಿದರು. ದೊಡ್ಡ ಪಾದ್ರಿಗಳನ್ನು ಕರೆಸಿದರು. ಅವರು ದೇವರ ಹೆಸರಿನಲ್ಲಿ ಕೇಳಿದರು. ಇನ್ನೊಂದು ಬೀಗದ ಕೈ ಇಲ್ಲವೆ ಎಂದು ಯಾರೋ ಕೇಳಿದರು. ಇತ್ತು, ಅದೇ ಗೊಂಚಲಿನಲ್ಲಿ. ಕಿತ್ತುಕೊಳ್ಳೋಣ ಎಂದರೆ ಅಲ್ಲಿಯವರು ಅತಿಥಿಯ ಮೈ ಮುಟ್ಟುವವರಲ್ಲ, ಮುಟ್ಟಿದರೂ ಆ ಮುಷ್ಟಿ ಬಿಡಿಸುವವರು ಆ ಊರಲ್ಲಿ ಇರಲಿಲ್ಲ.

ಒಳಗೆ ಸರ್ವಮಂಗಳಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಉದ್ದುದ್ದ ಕಪಾಟು, ಸಾಲು ಸಾಲು ಪುಸ್ತಕ, ಕಿಟಕಿಯ ಬೆಳಕಿಗೆ ಮಿನುಗುವ ಸರಪಳಿ. ಒಂದನ್ನು ಮುಟ್ಟಿದರು. ತಣ್ಣಗಿತ್ತು. ನಾಲ್ಕು ಪುಟದಲ್ಲಿ ಸರಪಳಿ ಸದ್ದು ಮಾಡುತ್ತದೆ ಎಂದು ಬರೆದಿರಲಿಲ್ಲ. ಮಾಡುತ್ತಿತ್ತು, ಗೆಜ್ಜೆಯ ಹಾಗೆ. ಕಪಾಟಿನ ಪಕ್ಕದಲ್ಲಿ ಯಾವನೋ ಸನ್ಯಾಸಿ ಒಂದೊಂದು ಪುಸ್ತಕಕ್ಕೂ ನಂಬರು ಹಾಕಿ ಪಟ್ಟಿ ಬರೆದಿದ್ದ. ಏಳು ಬರೆಯುವ ಕಡೆ ಅವನು ಕೈತಪ್ಪಿ ಎಂಟು ಬರೆದಿದ್ದ, ಅದನ್ನೂ ಗುರುತು ಹಾಕಿಕೊಂಡರು. ಒಂದೇ ಕಪಾಟು ನೋಡಿ ಮುಗಿದಿತ್ತು, ಆಗ ಬಾಗಿಲು ಬಡಿದ ಸದ್ದು. ಹತ್ತು ನಿಮಿಷ ಆಗಿಹೋಯಿತೆ ಎಂದುಕೊಂಡು ಬಾಗಿಲ ಹತ್ತಿರ ಬಂದರು. ಬೀಗದ ತೂತಿನಿಂದ ಪೆಂಬರ್ಟನ್ ಎಲ್ಲ ಹೇಳಿ, ದಯವಿಟ್ಟು ನಿಮ್ಮ ಮಗನಿಗೆ ಒಂದು ಮಾತು ಹೇಳಿ ಎಂದರು.

ಸರ್ವಮಂಗಳಮ್ಮ ತಿರುಗಿ ನೋಡಿದರು. ಇನ್ನೂ ಹದಿನಾಲ್ಕು ಕಪಾಟು ಇದ್ದವು. ತೂತಿಗೆ ಬಾಯಿಟ್ಟು ಕನ್ನಡದಲ್ಲಿ ಒಂದು ಮಾತು ಹೇಳಿದರು.

"ಗಟ್ಟಿಯಾಗಿ ಹಿಡ್ಕೊಂಡಿರು ಮರಿ."

"ಹೂಂ ಅಮ್ಮ."

ಎರಡೂವರೆ ಗಂಟೆ ಕಾಲ ನೋಡಿದರು. ಹದಿನೈದು ಕಪಾಟನ್ನೂ ನೋಡಿದರು, ಸರಪಳಿ ಎಣಿಸಿದರು, ಕಿಟಕಿ ಅಳೆದರು, ನೋಟ್‌ಬುಕ್ಕಿನ ಕೊನೆಯ ಹಾಳೆಯವರೆಗೆ ಬರೆದರು. ಬರೆದು ಮುಗಿಸಿ, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದು, ಆಯಿತು ಮರಿ, ಇನ್ನು ಬೀಗದ ಕೈ ಅವರಿಗೆ ಕೊಡು ಎಂದರು.

"ಯಾರು ಕೇಳಿದರೂ ಕೊಡಬಾರದು ಅಂದಿದ್ದೀಯಲ್ಲ ಅಮ್ಮ."

"ಕೇಳ್ತಿರೋದು ನಾನು ಕಣೋ. ನಿನ್ನ ಅಮ್ಮ."

"ನೀನೂ ಕೇಳ್ತಾನೇ ಇದ್ದೀಯಲ್ಲ ಅಮ್ಮ."

ಆ ಮಾತು ಬಿಟ್ಟುಬಿಡು ಎಂದು ತಾಯಿ ಬೇಡಿಕೊಂಡರು. ಬಿಡಬಾರದು ಅಂದಿದ್ದೀಯಲ್ಲ ಎಂದ ಮಗ. ಸರ್ವಮಂಗಳಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಬಿ.ಎ. ಓದಿದವರು ಸರಪಳಿ ಪುಸ್ತಕಗಳ ನಡುವೆ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊರಗೆ ನಿಂತ ದೊಡ್ಡ ಪಾದ್ರಿಗಳು ಪಾಪ ಅಳುತ್ತಿದ್ದಾರೆ ಎಂದುಕೊಂಡು ಪ್ರಾರ್ಥನೆ ಮಾಡಿದರು.

ಕೊನೆಗೆ ಬಡಗಿಯನ್ನು ಕರೆಸಿದರು. ಬಡಗಿ ಕೀಲು ಬಿಚ್ಚಿದ. ಆರು ಜನ ಸೇರಿ ಬಾಗಿಲನ್ನೇ ಚೌಕಟ್ಟಿನಿಂದ ಎತ್ತಿ ಗೋಡೆಗೆ ಒರಗಿಸಿದರು. ಸರ್ವಮಂಗಳಮ್ಮ ತಲೆ ಎತ್ತಿಕೊಂಡು ಹೊರಗೆ ಬಂದು, ನೋಡಿ ಬಂದೆ ಸರ್ ಎಂದರು. ಯಾರಿಗೆ ಹೇಳಿದ್ದು ಎಂದು ಪೆಂಬರ್ಟನ್ನರಿಗೆ ಅರ್ಥವಾಯಿತೋ ಇಲ್ಲವೋ, ಅವರು ಬೆಳ್ಳಿಯ ಕೋಲನ್ನು ಪಕ್ಕಕ್ಕಿಟ್ಟು ತಲೆ ಬಾಗಿಸಿದರು.

ಮರಿಸ್ವಾಮಿ ಮಾತ್ರ ಅಲ್ಲೇ ನಿಂತಿದ್ದ. ಒಳಗೆ ಹೋಗುವವರು ಹೋಗಬಹುದಿತ್ತು, ಹೊರಗೆ ಬರುವವರು ಬರಬಹುದಿತ್ತು. ತೆಗೆಯಲು ಬಾಗಿಲೇ ಇಲ್ಲದ ಚೌಕಟ್ಟಿನ ಮುಂದೆ, ಬೀಗದ ಕೈ ಗೊಂಚಲನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಬಂದವರನ್ನೆಲ್ಲ ಅನುಮಾನದಿಂದ ನೋಡುತ್ತ ನಿಂತಿದ್ದ. ನಂಬದಿದ್ದರೆ ನೀವೇ ಹೋಗಿ ನೋಡಿ. ಬೀಗದ ಕೈ ಮಾತ್ರ ಕೇಳಬೇಡಿ.